ಖೇತ್‌ವಾಡಿಯ ಲೆಕ್ಕಿಗ ಬರೆದ ಚಿತ್ರಗಳು

ಚಿತ್ರಕಾರ ಭೂಪೇನ್ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರು. ಕಲೆಯ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿ, ಅಂಥ ಒಣ ಕೆಲಸದಿಂದ ಪುಣ್ಯಾತ್ಮ ಹೇಗೋ ಪಾರಾದ ಎಂಬ ಧಾಟಿಯಲ್ಲಿ ಮುಂದಕ್ಕೆ ಹೋಗಿಬಿಡುತ್ತಾರೆ. ಮುಂಬಯಿಯ ಫೋರ್ಟ್ ಆಫೀಸುಗಳಲ್ಲಿ ಆಯುಷ್ಯವೆಲ್ಲ ಖಾತೆ-ಕಿರ್ದಿ ತಾಳೆ ನೋಡಿದ ನನಗೆ ಈ ಮಾತು ಒಪ್ಪಿಗೆಯಿಲ್ಲ. ಚಿತ್ರಕಾರರಾದ ಮೇಲೂ ಅವರು ವರ್ಷಗಟ್ಟಲೆ ಬರೋಡಾದ ಒಂದು ಕಾರ್ಖಾನೆಯಲ್ಲಿ ಅರೆಕಾಲಿಕವಾಗಿ ಲೆಕ್ಕ ಬರೆಯುತ್ತಿದ್ದರು. ಅವರ ಕ್ಯಾನ್ವಾಸಿಗೆ ಬಂದ ಜನ ಬಹುಪಾಲು ಆ ಮೇಜಿನ ಸುತ್ತಮುತ್ತಲಿನವರೇ.

ಹುಟ್ಟಿದ್ದು 1934ರಲ್ಲಿ, ಮುಂಬಯಿಯಲ್ಲಿ. ಮನೆ ಖೇತ್‌ವಾಡಿಯಲ್ಲಿ, ಗಿರ್‌ಗಾಂವ್‌ನ ಮಗ್ಗುಲಿಗೆ. ಗುಜರಾತಿ ಕುಟುಂಬದ ನಾಲ್ಕು ಮಕ್ಕಳಲ್ಲಿ ಕಿರಿಯವರು. ತಂದೆ ಬೇಗ ತೀರಿಕೊಂಡರು. ಅಂಥ ಮನೆಯ ಹುಡುಗ ಲೆಕ್ಕ ಕಲಿಯದೆ ಇನ್ನೇನು ಕಲಿತಾನು? ನಮ್ಮ ಉಡುಪಿ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದ ಹುಡುಗರಿಗೂ ಹಿರಿಯರು ಹೇಳುತ್ತಿದ್ದುದು ಅದನ್ನೇ. 1958ರಲ್ಲಿ ಚಿತ್ರಕಾರ ಗುಲಾಂ ಮೊಹಮ್ಮದ್ ಶೇಖರ ಪರಿಚಯವಾಗದಿದ್ದರೆ ಖಖ್ಖರ್ ಕೂಡ ಯಾವುದೋ ಆಫೀಸಿನಲ್ಲಿ ಆಡಿಟ್ ಮಾಡುತ್ತ ಮುದುಕರಾಗುತ್ತಿದ್ದರೇನೋ. ಶೇಖರ ಒತ್ತಾಯದಿಂದ 1962ರಲ್ಲಿ ಬರೋಡಾಕ್ಕೆ ಹೋದರು. ಸೇರಿದ್ದು ಅಲ್ಲಿನ ಕಲಾಶಾಲೆಯ ಕಲಾವಿಮರ್ಶೆ ತರಗತಿಗೆ. ಮನುಷ್ಯಾಕೃತಿ ಬರೆಯುವ ಕಾಲೇಜು ಶಿಸ್ತು ಅವರಿಗೆ ಸಿಗಲೇ ಇಲ್ಲ. ಅವರು ಬರೆದವರ ಕೈಕಾಲು ಕೊನೆಯವರೆಗೂ ಕೊಂಚ ಸೊಟ್ಟಗೇ ಉಳಿದವು. ಉಳಿದದ್ದೇ ಒಳ್ಳೆಯದಾಯಿತು.

ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಎನ್. ಎಸ್. ಬೇಂದ್ರೆ (ನಮ್ಮ ಧಾರವಾಡದವರಲ್ಲ, ಇಂದೋರಿನವರು), ಕೆ. ಜಿ. ಸುಬ್ರಮಣ್ಯನ್ ಮುಂತಾದ ದೊಡ್ಡವರಿದ್ದರು. ದೇಶದ ಕಲಾವಲಯದಲ್ಲಿ ಆಗ ಅಮೂರ್ತ ಚಿತ್ರಕ್ಕೆ ಬಲು ಮರ್ಯಾದೆ. ಖಖ್ಖರ್ ಹೋದದ್ದು ತೀರ ಬೇರೆ ಕಡೆಗೆ, ಬಜಾರಿಗೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿದಂದಿನಿಂದ ಲಕ್ಷ್ಮಿ ಸರಸ್ವತಿಯರು ಕಾಗದದ ಮೇಲೆ ಅಚ್ಚಾಗಿ ಬಡವರ ಗೋಡೆಗೂ ಬಂದಿದ್ದರು. ಆಮೇಲೆ ಬಂದದ್ದು ಅಂಗಡಿಯವರು ದೀಪಾವಳಿಗೆ ಹಂಚುವ ಕ್ಯಾಲೆಂಡರ್. ಓದಿದವರು ಮೂಗು ಮುರಿಯುತ್ತಿದ್ದ ಈ ದೇವರ ಪಟಗಳನ್ನೇ ಕತ್ತರಿಸಿ ಅಂಟಿಸಿ, ಮೇಲೆ ಬೀದಿಗೋಡೆಯ ಗೀಚುಬರಹ ಸೇರಿಸಿ, 1965ರಲ್ಲಿ ಖಖ್ಖರ್ ಮುಂಬಯಿಯಲ್ಲಿ ಪ್ರದರ್ಶನಕ್ಕಿಟ್ಟರು.

ಆದರೆ ನಿಜವಾದ ಖಖ್ಖರ್ ಸಿಗುವುದು 1972ರ ಹೊತ್ತಿಗೆ. ಆ ವರ್ಷದ ಚಿತ್ರಗಳ ಹೆಸರು ನೋಡಿ: ಜನತಾ ವಾಚ್ ರಿಪೇರಿಂಗ್, ಡೀಲಕ್ಸ್ ಟೈಲರ್ಸ್. ಒಬ್ಬ ಅಸಿಸ್ಟೆಂಟ್ ಅಕೌಂಟೆಂಟನದೂ ಇದೆ! ರಾಜರು, ರೈತರು, ಕಾರ್ಮಿಕರು ನಮ್ಮ ಚಿತ್ರಕಲೆಗೆ ಬಂದಿದ್ದರು. ಗಡಿಯಾರ ರಿಪೇರಿಯವನಿಗೆ ಅಲ್ಲಿಯವರೆಗೆ ಯಾರು ಜಾಗ ಕೊಟ್ಟಿದ್ದರು? ಬಣ್ಣ ಅಂಗಡಿ ಬೋರ್ಡಿನದು, ಢಾಳಾಗಿದೆ. ಮನುಷ್ಯ ಮಾತ್ರ ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತಂತೆ ಬಿಗಿಯಾಗಿದ್ದಾನೆ. ಅವನನ್ನು ಕಂಡು ಅಯ್ಯೋ ಅನ್ನಿಸುವುದಿಲ್ಲ, ನಗುವೂ ಪೂರ್ತಿ ಬರುವುದಿಲ್ಲ. ಪ್ರತಿ ರೂಪಾಯಿಯನ್ನೂ ಅದರದರ ಖಾತೆಗೆ ಬರೆಯುವ ಅಭ್ಯಾಸವಿದ್ದವರು ಕತ್ತರಿ, ಗುಂಡಿ, ಗಡಿಯಾರದ ಮುಳ್ಳು ಯಾವುದನ್ನೂ ಬಿಡದೆ ನೋಡುತ್ತಾರೆ. ಲೆಕ್ಕದ ಕೆಲಸ ಅವರಿಗೆ ಕೊಟ್ಟದ್ದು ಈ ನೋಟ ಎಂಬುದು ನನ್ನ ವಾದ.

ಅವರು ಮೆಚ್ಚಿದ ಫ್ರಾನ್ಸಿನ ಹೆನ್ರಿ ರೂಸೋ ಕೂಡ ಶಾಲೆಯಲ್ಲಿ ಚಿತ್ರ ಕಲಿತವನಲ್ಲ, ಪ್ಯಾರಿಸ್ಸಿನ ಸುಂಕದ ಕಟ್ಟೆಯ ನೌಕರ. ಇಟಲಿಯ ಸಿಯೆನಾದ ಹಳೆಯ ಚಿತ್ರಕಾರರಿಂದ, ಒಂದೇ ಚೌಕಟ್ಟಿನಲ್ಲಿ ಕಥೆಯ ಹಲವು ಘಟನೆಗಳನ್ನು ಹರಡುವುದನ್ನು ಖಖ್ಖರ್ ಕಲಿತರು. 1981ರ ‘ಎಲ್ಲರನ್ನೂ ಮೆಚ್ಚಿಸಲಾಗದು’ ಚಿತ್ರದಲ್ಲಿರುವುದು ನಮಗೆಲ್ಲ ಗೊತ್ತಿರುವ ತಂದೆ, ಮಗ, ಕತ್ತೆಯ ಕಥೆ. ಕಥೆ ಕೆಳಗೆ ನಡೆದಿದೆ. ಮೇಲೆ ಬಾಲ್ಕನಿಯಲ್ಲಿ ಒಬ್ಬ ಬೆತ್ತಲೆ ನಿಂತು ನೋಡುತ್ತಿದ್ದಾನೆ. ತಾನು ಗಂಡಸರನ್ನು ಪ್ರೀತಿಸುವವನು ಎಂಬುದನ್ನು ಖಖ್ಖರ್ ಬಹುಕಾಲ ಬಚ್ಚಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಕೆಲಕಾಲ ಇದ್ದು ಬಂದು, ತಾಯಿಯೂ ತೀರಿಕೊಂಡ ಮೇಲೆ, ಅದನ್ನು ಹೇಳಿದ್ದು ಈ ಚಿತ್ರದಲ್ಲಿ. ಮರುವರ್ಷ ‘ಬನಾರಸ್ಸಿನಲ್ಲಿ ಇಬ್ಬರು’ ಚಿತ್ರದಲ್ಲಿ ಇನ್ನೂ ನೇರವಾಗಿ ಹೇಳಿದರು. ಕಾನೂನಿನ ಕಣ್ಣಲ್ಲಿ ಅಂಥ ಸಂಬಂಧ ಅಪರಾಧವಾಗಿದ್ದ ಕಾಲ. 1987ರಲ್ಲಿ ‘ಯಯಾತಿ’ಯನ್ನೂ ಬರೆದರು; ಮುಪ್ಪು-ಯೌವನಗಳ ಆ ಕೊಡುಕೊಳೆ ಇಲ್ಲಿ ಕಾರ್ನಾಡರ ನಾಟಕ ನೋಡಿದವರಿಗೆ ತೀರ ಬೇರೆಯಾಗಿ ಕಂಡೀತು.

ಕ್ಯಾನ್ಸರಿನ ಕೊನೆಯ ವರ್ಷಗಳಲ್ಲಿ ಗಾಯಗೊಂಡ ದೇಹಗಳನ್ನು ಬರೆದರು. ತೀರಿಕೊಂಡದ್ದು 2003ರ ಆಗಸ್ಟಿನಲ್ಲಿ, ಬರೋಡಾದಲ್ಲಿ. ಬನಾರಸ್ಸಿನ ಚಿತ್ರ 2019ರಲ್ಲಿ ಲಂಡನ್ನಿನ ಹರಾಜಿನಲ್ಲಿ 25 ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು. ನನ್ನನ್ನು ಕೇಳಿದರೆ, ಗಡಿಯಾರದ ಅಂಗಡಿಯೇ ಅದಕ್ಕಿಂತ ದೊಡ್ಡ ಚಿತ್ರ.