ಒಂದುಗಳ ಹಾರ: ಮಳಖೇಡದಿಂದ ಮಹಾ ಅವಿಭಾಜ್ಯಗಳವರೆಗೆ

1963ರಲ್ಲಿ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘ ತನ್ನ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವನ್ನು ಹಿಂದಿ ಅನುವಾದದೊಂದಿಗೆ ಪ್ರಕಟಿಸಿತು. ಆ ಮಾಲೆಯ ಪ್ರಧಾನ ಸಂಪಾದಕರಲ್ಲಿ ಒಬ್ಬರು ಬೆಳಗಾವಿ ಸೀಮೆಯ ಸದಲಗಾದ ಆ. ನೇ. ಉಪಾಧ್ಯೆ. ಗ್ರಂಥ ಹುಟ್ಟಿದ್ದು 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಅಕ್ಕಲಕೋಟೆಯಿಂದ ಹೊರಟು ಕಲಬುರಗಿ ದಾಟಿದರೆ ಸಿಗುತ್ತದೆ.

ಈ ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗುಣಾಕಾರದ ಭಾಗ. ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವಂಥ ಲೆಕ್ಕಗಳನ್ನು ಮಹಾವೀರ ಹುಡುಕಿ ಕೊಡುತ್ತಾನೆ, ಅವನ್ನು ಕಂಠಾಭರಣವೆಂದು ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಇಂಥ ಜೋಡಿಗಳು ಸುಮ್ಮನೆ ಕೈಗೆ ಸಿಗುವುದಿಲ್ಲ. ದೊಡ್ಡ ಸಂಖ್ಯೆಯನ್ನು ಒಡೆದು ಅಪವರ್ತನ ಕಂಡವನಿಗಷ್ಟೇ ಸಿಗುತ್ತವೆ.

ಕೊನೆಯ ಉತ್ತರ 111111ರ ವರ್ಗ. ಸಾವಿರ ವರ್ಷಗಳ ನಂತರ ದೇವಳಾಲಿಯ ಶಾಲಾ ಮಾಸ್ತರ ದ. ರಾ. ಕಾಪ್ರೇಕರ್ ಇದೇ ಬಗೆಯ ಸಂಖ್ಯೆಗಳನ್ನು ಬೆನ್ನುಹತ್ತಿದರು. ವಿಚಾರ ಹೊಳೆದ ಡೊಂಬಿವಲಿ ಸ್ಟೇಶನ್ನಿನ ನೆನಪಿಗೆ ಅವಕ್ಕೆ 'ಡೆಮ್ಲೊ' ಎಂದು ಹೆಸರಿಟ್ಟರು.

ಮಹಾವೀರನ 11111111ರಂತೆ ಒಂದುಗಳಷ್ಟೇ ಇರುವ ಸಂಖ್ಯೆ ಯಾವಾಗ ಅವಿಭಾಜ್ಯ? ಅಂಕಿಗಳ ಎಣಿಕೆ ಭಾಗವಾಗುವಂತಿದ್ದರೆ ಸಂಖ್ಯೆಯೂ ಭಾಗವಾಗುತ್ತದೆ: ಆರು ಒಂದುಗಳೆಂದರೆ 11 × 10101, ಅಥವಾ 111 × 1001. ಆದ್ದರಿಂದ ಎಣಿಕೆ ಅವಿಭಾಜ್ಯವಾಗಿರಲೇಬೇಕು. ಅಷ್ಟೇ ಸಾಲದು, 111 ಎಂದರೆ 3 × 37, 11111 ಎಂದರೆ 41 × 271. ಎರಡು ಒಂದುಗಳ 11 ಆದಮೇಲೆ ಮುಂದಿನ ಅವಿಭಾಜ್ಯಕ್ಕೆ 19 ಒಂದುಗಳವರೆಗೆ ಹೋಗಬೇಕು. ಆಮೇಲೆ 23, ಅಲ್ಲಿಂದ ಒಮ್ಮೆಲೇ 317.

317 ಒಂದುಗಳದ್ದು ಅವಿಭಾಜ್ಯವೆಂದು ಸಾಬೀತಾದದ್ದು 1970ರ ದಶಕದಲ್ಲಿ, 1031ರದ್ದು 1986ರಲ್ಲಿ. ಎರಡರಲ್ಲೂ ಗಣಿತಜ್ಞ ಹ್ಯೂ ವಿಲಿಯಮ್ಸ್ ಅವರ ಕೈಯಿದೆ. 49,081 ಒಂದುಗಳದ್ದು 2022ರವರೆಗೆ ಕಾಯಿಸಿತು. ಇಂಥವು ಅನಂತವೇ ಎಂಬ ಪ್ರಶ್ನೆಯನ್ನು ಜಗತ್ತಿನಲ್ಲಿ ಯಾರೂ ಇನ್ನೂ ಬಿಡಿಸಿಲ್ಲ. 2024ರ ಅಕ್ಟೋಬರಿನಲ್ಲಿ ದಾಖಲೆ ಮುರಿದ ಅವಿಭಾಜ್ಯ ಕೂಡ ಇದೇ ಕುಲದ್ದು. 13,62,79,841 ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ ಬರುವ ಈ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು ಬರೀ ಒಂದುಗಳ ಸಾಲು.

'ಗಣಿತಸಾರಸಂಗ್ರಹ'ಕ್ಕೆ ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂದಿದೆ. ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡ ಶಾಲೆಗಳ ಗುರುಗಳಲ್ಲಿ ನನ್ನದೊಂದು ಕೋರಿಕೆ: ನಾಳೆಯ ಗಣಿತದ ತಾಸಿನಲ್ಲಿ 152207 × 73 ಎಂದು ಹಲಗೆಯ ಮೇಲೆ ಬರೆದು, ಉತ್ತರವನ್ನು ಮಕ್ಕಳ ಕೈಯಿಂದಲೇ ತೆಗೆಸಿರಿ.