ಋಣಾನುಬಂಧದ ರೋಚಕ ಕಥೆಗಳು

ಪ್ರೇಮಕಥೆಯಲ್ಲಿ ಪುಟ ತಿರುಗಿಸುವಂತೆ ಮಾಡುವುದು ‘ಇವರಿಬ್ಬರೂ ಒಂದಾಗುತ್ತಾರೋ ಇಲ್ಲವೋ’ ಎಂಬ ಕಾತರ. ಇವರದು ಬಿಡಿಸಲಾಗದ ಋಣಾನುಬಂಧ ಎಂದು ಲೇಖಕರು ಆರಂಭದಲ್ಲೇ ಹೇಳಿಬಿಟ್ಟರೆ ಆ ಕಾತರ ಉಳಿಯುವುದೆಲ್ಲಿ? ಇಂಗ್ಲಿಷಿನ ಅತಿಮಾನುಷ ಪ್ರೇಮಕಾದಂಬರಿಗಳು ಈ ತೊಡಕಿನ ಜೊತೆ ಗುದ್ದಾಡುತ್ತಲೇ ಬೆಳೆದಿವೆ.

ಅವುಗಳ ಬೇರು ಗಾಥಿಕ್ ಕಾದಂಬರಿಗಳಲ್ಲಿದೆ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಕೋಟೆ, ಶಾಪ, ದೆವ್ವಗಳ ಕಥೆಗೆ ದಾರಿ ತೆರೆದ. ಆ್ಯನ್ ರ‍್ಯಾಡ್‌ಕ್ಲಿಫ್ 1794ರ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲಿ ಕರಿ ಪರದೆಯೊಂದನ್ನು ಸರಿಸಿದ ನಾಯಕಿಯನ್ನು ಮೂರ್ಛೆ ಬೀಳಿಸುತ್ತಾಳೆ, ಹಿಂದಿದ್ದದ್ದು ಬರೀ ಮೇಣದ ಗೊಂಬೆ ಎಂಬುದನ್ನು ನೂರಾರು ಪುಟ ಕಾಯಿಸಿ ಹೇಳುತ್ತಾಳೆ. ಅಲ್ಲಿ ಭಯ ಧಾರಾಳ, ಪ್ರೇಮ ಸಪ್ಪೆ. ಎರಡನ್ನೂ ಒಂದೇ ಕುದಿಗೆ ತಂದವಳು ಎಮಿಲಿ ಬ್ರಾಂಟೆ. 1847ರ ‘ವದರಿಂಗ್ ಹೈಟ್ಸ್’ನಲ್ಲಿ ಹಿಮ ಬಿದ್ದ ರಾತ್ರಿ, ಕಿಟಕಿಯಾಚೆಯಿಂದ ಮಗುವಿನ ತಣ್ಣನೆಯ ಕೈಯೊಂದು ಅತಿಥಿಯ ಕೈ ಹಿಡಿದು ಒಳಗೆ ಬಿಡೆಂದು ಬೇಡುತ್ತದೆ. ಅವನು ಬೆದರಿ ಕೂಗುತ್ತಾನೆ. ಮನೆಯೊಡೆಯ ಹೀತ್‌ಕ್ಲಿಫ್‌ನಾದರೋ ವಿಷಯ ಕೇಳಿದ್ದೇ ಕಿಟಕಿ ತೆರೆದು, ಸತ್ತುಹೋದ ಕ್ಯಾಥರೀನಳನ್ನು ಅಳುತ್ತ ಕರೆಯುತ್ತಾನೆ. ಒಬ್ಬನ ದುಃಸ್ವಪ್ನ ಇನ್ನೊಬ್ಬನ ಹಂಬಲ. ಈ ಪ್ರಕಾರದ ಜೀವಾಳವೇ ಅದು.

1897ರ ‘ಡ್ರಾಕುಲಾ’ದಲ್ಲಿ ವ್ಯಾಂಪೈರ್ ಎಂದರೆ ಬೆನ್ನಟ್ಟಿ ಕೊಲ್ಲಬೇಕಾದ ರಕ್ಕಸ. 1976ರಲ್ಲಿ ಆ್ಯನ್ ರೈಸ್ ಅವನ ಬಾಯಿಂದಲೇ ಕಥೆ ಹೇಳಿಸಿದ ಮೇಲೆ ಓದುಗರ ಕನಿಕರ ಅವನತ್ತ ಹೊರಳಿತು. 1999ರಲ್ಲಿ ಕ್ರಿಸ್ಟೀನ್ ಫೀಹನ್ ‘ಡಾರ್ಕ್ ಪ್ರಿನ್ಸ್’ ಬರೆದಾಗ ಅವನ ಬಂಧುವೇ ನಾಯಕನಾದ. ಇವರ ಕಾರ್ಪೇಥಿಯನ್ ಗಂಡಸರಿಗೆ ವಯಸ್ಸಾದಂತೆ ಬಣ್ಣಗಳು ಕಾಣುವುದಿಲ್ಲ, ಭಾವನೆಗಳು ಬತ್ತುತ್ತವೆ. ಜೀವದ ಜೋಡಿ ಸಿಗದಿದ್ದರೆ ಅವರೇ ವ್ಯಾಂಪೈರ್‌ಗಳಾಗುವ ಭಯ. ಜೊತೆಗೆ ಅವರ ಕುಲದವರನ್ನು ಬೇಟೆಯಾಡುವ ಕೊಲೆಗಡುಕರು. ಜೋಡಿ ಯಾರೆಂಬುದು ಗೊತ್ತಾದರೂ ಬದುಕಿ ಉಳಿಯುತ್ತಾರೋ ಎಂಬುದು ಗೊತ್ತಿಲ್ಲ. ಜಾಣ ಉಪಾಯ. ಆದರೆ ಹೆಣ್ಣಿನ ಒಪ್ಪಿಗೆಗೆ ಕಾಯದೆ ಆಗುವ ಬಂಧನ ಇಂದಿನ ಓದುಗರಿಗೆ ಇರುಸುಮುರುಸು ತರಿಸೀತು.

2005ರಲ್ಲಿ ಬಂದ ‘ಟ್ವೈಲೈಟ್’ ಈ ಪ್ರಕಾರವನ್ನು ಹದಿಹರೆಯದವರ ಮನೆಮಾತಾಗಿಸಿತು. ಅದಕ್ಕಿಂತ ಹೆಚ್ಚು ಹೇಳುವ ಉತ್ಸಾಹ ನನಗಿಲ್ಲ. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ ನಳಿನಿ ಸಿಂಗ್ ಹೆಚ್ಚು ಗಟ್ಟಿ. ಅವರ ‘ಸ್ಲೇವ್ ಟು ಸೆನ್ಸೇಷನ್’ (2006) ನಾಯಕಿ ಸಾಶಾ ಭಾವನೆಯನ್ನೇ ಅಪರಾಧವೆನ್ನುವ ಕುಲದವಳು. ಆ ಕುಲದ ಮನಸ್ಸುಗಳನ್ನೆಲ್ಲ ಬೆಸೆದ ಜಾಲದಿಂದ ಕಳಚಿಕೊಂಡರೆ ಸಾವು. ಚಿರತೆಯಾಗಬಲ್ಲ ಲೂಕಸ್‌ನನ್ನು ಪ್ರೀತಿಸಿದರೆ ತನಗೂ ಭಾವನೆಗಳಿವೆಯೆಂಬ ಗುಟ್ಟು ರಟ್ಟು. ನಡುವೆ ಸರಣಿ ಹಂತಕನೊಬ್ಬನ ಹುಡುಕಾಟ. ಇಲ್ಲಿ ಕೊಲೆಯ ತನಿಖೆಯನ್ನು ತೆಗೆದರೆ ಪ್ರೇಮವೂ ಕುಸಿಯುತ್ತದೆ. ಸಾರಾ ಜೆ. ಮಾಸ್ 2016ರಲ್ಲಿ ಬೇರೆ ಪಟ್ಟು ಹಾಕಿದರು: ತಮ್ಮ ಸರಣಿಯೊಂದರ ಮೊದಲ ಪುಸ್ತಕದ ಪ್ರಿಯಕರನನ್ನು ಎರಡನೆಯದರಲ್ಲಿ ಬದಿಗೆ ಸರಿಸಿ, ನಿಜವಾದ ಜೋಡಿ ಬೇರೆಯವನೆಂದರು.

ಕನ್ನಡದ ಓದುಗರಿಗೆ ಇಂಥ ಪಟ್ಟುಗಳು ಹೊಸವಲ್ಲ. ಬಾಣನ ಕಥೆಯನ್ನು ಕ್ರಿ.ಶ. 1000ದ ಸುಮಾರಿಗೆ ನಾಗವರ್ಮ ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದಿದ್ದ. ಪುಂಡರೀಕನಿಗಾಗಿ ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿಯಾಗಿ ಕಾಯುವ ಮಹಾಶ್ವೇತೆಯ ಬಳಿಗೆ ಅವನೇ ಮರುಹುಟ್ಟು ಪಡೆದು ವೈಶಂಪಾಯನನಾಗಿ ಬರುತ್ತಾನೆ. ಗುರುತು ಸಿಗದ ಆಕೆ ಗಿಳಿಯಾಗೆಂದು ಶಪಿಸುತ್ತಾಳೆ. ಕಾದದ್ದು ಯಾರಿಗಾಗಿಯೋ ಅವನಿಗೇ ಶಾಪ! ವಾಸನೆಯಿಂದಲೋ ಮೈಯ ಮಿಂಚಿನಿಂದಲೋ ತಕ್ಷಣ ಜೋಡಿಯನ್ನು ಗುರುತಿಸುವ ಇಂದಿನ ನಾಯಕರ ಕಥೆಗಳಲ್ಲಿ ಇಷ್ಟು ತೀಕ್ಷ್ಣ ತಿರುವು ಅಪರೂಪ. ನಮ್ಮ ಸಿನಿಮಾದಲ್ಲೂ 1979ರ ‘ನಾ ನಿನ್ನ ಬಿಡಲಾರೆ’ ಬಿಡದ ಪ್ರೇತವನ್ನು ತಂದಿತು, ಮರುವರ್ಷ ಶಂಕರ್ ನಾಗ್ ‘ಜನ್ಮ ಜನ್ಮದ ಅನುಬಂಧ’ ಮಾಡಿದರು.

ಹೊಸಬರು ನಳಿನಿ ಸಿಂಗ್ ಅವರಿಂದಲೇ ಶುರುಮಾಡಲಿ. ಹಿಡಿಸಿದರೆ ನಾಗವರ್ಮನನ್ನು ಹೊಸಗನ್ನಡ ಗದ್ಯಾನುವಾದದ ನೆರವಿನಿಂದ ಓದಲಿ. ರಾತ್ರಿ ನಿದ್ದೆಗೆಡಿಸುವುದರಲ್ಲಿ ಅವನೇನೂ ಕಡಿಮೆಯಲ್ಲ.