ಭೋಜನಶಾಲೆಯೋ ಅಡುಗೆಮನೆಯೋ: ವರ್ಗಾವಣೆ ವಿದ್ಯಾರ್ಥಿಯ ವಾಸದ ಪ್ರಶ್ನೆ

ಅಮೆರಿಕದ ಉನ್ನತ ಶಿಕ್ಷಣ ಸಂಶೋಧನೆಯಲ್ಲಿ ಒಂದು ಮಾತು ಹೆಚ್ಚುಕಡಿಮೆ ಇತ್ಯರ್ಥವಾಗಿದೆ: ಕ್ಯಾಂಪಸ್ಸಿನ ಡಾರ್ಮಿನಲ್ಲಿ, ಅಂದರೆ ವಿದ್ಯಾರ್ಥಿನಿಲಯದಲ್ಲಿ, ಇದ್ದವರು ಓದನ್ನು ಅರ್ಧಕ್ಕೆ ಬಿಡುವುದು ಕಡಿಮೆ. ಸಂಶೋಧಕರಾದ ಆರ್ಥರ್ ಚಿಕರಿಂಗ್ 1974ರಲ್ಲೂ ಅಲೆಕ್ಸಾಂಡರ್ ಆಸ್ಟಿನ್ 1977ರಲ್ಲೂ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಸಂಸ್ಥೆಯ ಬದುಕಿನೊಳಗೆ ಬೆರೆಯದವನು ಹೊರಬೀಳುತ್ತಾನೆ ಎಂಬ ವಿನ್ಸೆಂಟ್ ಟಿಂಟೊ ಅವರ 1975ರ ಮಾದರಿ ಅದಕ್ಕೆ ತಾತ್ವಿಕ ನೆಲೆ ಕೊಟ್ಟಿತು. ಈ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವ ವರ್ಗಾವಣೆ ವಿದ್ಯಾರ್ಥಿಗಳಿಗೂ ‘ಮೊದಲು ಡಾರ್ಮು, ಆಮೇಲೆ ಅಪಾರ್ಟ್‌ಮೆಂಟು’ ಎಂದು ಅದನ್ನೇ ಒಪ್ಪಿಸುವ ರೂಢಿಯ ಬಗ್ಗೆ ಇದೆ.

ಮೊದಲಿಗೆ, ಹೋಲಿಕೆ ಯಾವುದರ ಜೊತೆ? ಚಿಕರಿಂಗ್ ಡಾರ್ಮನ್ನು ಹೋಲಿಸಿದ್ದು ಮನೆಯಿಂದ ಓಡಾಡಿ ಓದುವವರ ಸ್ಥಿತಿಗೆ. ಆಸ್ಟಿನ್ ಹಿಂಬಾಲಿಸಿದ್ದು ಮೊದಲ ವರ್ಷಕ್ಕೆ ಕಾಲಿಟ್ಟವರನ್ನು. ವಿಶ್ವವಿದ್ಯಾಲಯದ ಒಡೆತನದ ಅಪಾರ್ಟ್‌ಮೆಂಟ್ ತಂದೆತಾಯಿಯ ಮನೆಯೂ ಅಲ್ಲ, ಡಾರ್ಮೂ ಅಲ್ಲ; ಹಳೆಯ ತಕ್ಕಡಿಯ ಯಾವ ತಟ್ಟೆಯಲ್ಲೂ ಅದು ಕೂರುವುದಿಲ್ಲ.

ಎರಡನೆಯದು ಕಾಲದ ಲೆಕ್ಕ. ನನ್ನ ವಾದ ನಿಂತಿರುವುದು ಇದರ ಮೇಲೆ. 1960ರ ಉನ್ನತ ಶಿಕ್ಷಣ ಮಾಸ್ಟರ್ ಪ್ಲಾನ್‌ನಿಂದ ಭದ್ರಗೊಂಡ ಕ್ಯಾಲಿಫೋರ್ನಿಯಾದ ವರ್ಗಾವಣೆ ದಾರಿಯನ್ನೇ ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಪದವಿಗೆ ಬೇಕಾದ 180 ಕ್ವಾರ್ಟರ್ ಯೂನಿಟ್‌ಗಳಲ್ಲಿ ಸುಮಾರು 90ನ್ನು ವರ್ಗಾವಣೆ ವಿದ್ಯಾರ್ಥಿ ಹೊತ್ತು ತಂದಿರುತ್ತಾನೆ. ಅವನ ಪಾಲಿಗೆ ಉಳಿಯುವುದು ಹತ್ತತ್ತು ವಾರಗಳ ಪಾಠದ ಆರು ಕ್ವಾರ್ಟರು, ಮೊದಲ ವರ್ಷಕ್ಕೆ ಸೇರುವ ಹೊಸಬನಿಗೆ ಹನ್ನೆರಡು. ಪರಿಚಯ ಬೆಳೆಸಲು ಮೊದಲ ಕ್ವಾರ್ಟರನ್ನು ಕಳೆದರೆ ಹೊಸಬನಿಗೆ ಹೋಗುವುದು ಹನ್ನೆರಡರಲ್ಲಿ ಒಂದು ಪಾಲು, ಇವನಿಗೆ ಆರರಲ್ಲಿ ಒಂದು. ವರ್ಗಾವಣೆಯ ಮೊದಲ ಅವಧಿಯಲ್ಲಿ ಅಂಕ ಕುಸಿಯುವುದನ್ನು ಜಾನ್ ಹಿಲ್ಸ್ 1965ರಲ್ಲೇ ‘ವರ್ಗಾವಣೆಯ ಆಘಾತ’ ಎಂದು ಗುರುತಿಸಿದ್ದರು. ಆ ಕುಸಿತವೂ ಬೀಳುವುದು ಇದೇ ಹತ್ತು ವಾರಗಳ ಮೇಲೆ.

ಡಾರ್ಮಿನ ಬಲವಿರುವುದು ಕಾರಿಡಾರಿನಲ್ಲಿ, ಎಲ್ಲರೂ ಬಳಸುವ ಸ್ನಾನದ ಮನೆಯಲ್ಲಿ, ಬಾಡಿಗೆಗೆ ಅಂಟಿಕೊಂಡೇ ಬರುವ ಊಟದ ಪ್ಲಾನಿನಲ್ಲಿ. ಸಂಜೆ ಆರಕ್ಕೆ ತಟ್ಟೆ ಹಿಡಿದು ಭೋಜನಶಾಲೆಯ ಸಾಲಿನಲ್ಲಿ ನಿಂತರೆ ಯಾರನ್ನೂ ಕರೆಯದೆಯೇ ನಾಲ್ವರು ಸಿಗುತ್ತಾರೆ. ಆದರೆ ಆ ನಾಲ್ವರು ಹದಿನೆಂಟರ ಹೊಸಬರಾದರೆ ಅವರ ಮಾತು ಮನೆ ಬಿಟ್ಟು ಬಂದದ್ದರ ಸುತ್ತ; ಇವನ ತಲೆಯಲ್ಲಿರುವುದು ಮೂರನೆಯ ವರ್ಷದ ಕೋರ್ಸು, ಬರುವ ಬೇಸಿಗೆಯ ಇಂಟರ್ನ್‌ಶಿಪ್ಪು. ಎರಡು ಕೋಣೆ, ನಾಲ್ಕು ಜನ, ಒಂದು ಒಲೆಯ ಅಪಾರ್ಟ್‌ಮೆಂಟಿನಲ್ಲಿ ಭೇಟಿಗಳು ಕಡಿಮೆ. ಆದರೆ ಸಿಂಕಿನಲ್ಲಿ ಬಿದ್ದ ಪಾತ್ರೆ ಯಾರದೆಂಬ ಜಗಳಕ್ಕಾದರೂ ಅದೇ ಮೂವರೊಂದಿಗೆ ದಿನವೂ ಮಾತಾಡಲೇಬೇಕು.

ಹಾಗಾಗಿ ನನ್ನ ಪ್ರತಿಪಾದನೆ: ಜೊತೆಗಿರುವವರೂ ವರ್ಗಾವಣೆಯಾಗಿ ಬಂದವರೇ ಆಗಿದ್ದರೆ, ಮನೆ ಕ್ಯಾಂಪಸ್ಸಿಗೆ ನಡಿಗೆಯ ದೂರದಲ್ಲಿದ್ದರೆ, ಹೊಸಬರೇ ತುಂಬಿರುವ ಡಾರ್ಮಿಗಿಂತ ವಿಶ್ವವಿದ್ಯಾಲಯದ ಅಪಾರ್ಟ್‌ಮೆಂಟು ಬೆರೆಯುವ ಕೆಲಸವನ್ನು ಬೇಗ ಮಾಡಿಕೊಡಬಹುದು. ‘ಬಹುದು’ ಎಂದೇ ಹೇಳುತ್ತಿದ್ದೇನೆ. ಅಪಾರ್ಟ್‌ಮೆಂಟನ್ನು ಆರಿಸುವವರು ವಯಸ್ಸಿನಲ್ಲಿ ಹಿರಿಯರೋ, ಅಡುಗೆ ಬಲ್ಲವರೋ, ಮೊದಲೇ ಗೆಳೆಯರಿದ್ದವರೋ ಆಗಿರಬಹುದು. ಆಗ ಕಾಣುವ ಫಲ ಮನೆಯದಲ್ಲ, ಆರಿಸಿದವರದು. ಬಸ್ಸು ಹಿಡಿದು ಹೋಗಬೇಕಾದ ಮನೆಯಾದರೆ ವಾದ ಅಲ್ಲಿಗೇ ಕುಸಿಯುತ್ತದೆ. ಒಂಟಿತನಕ್ಕೆ ಹೆದರುವವನಿಗೆ ಭೋಜನಶಾಲೆಯೇ ಮೇಲು.

ಟಿಂಟೊ ಅವರೇ 1997ರಲ್ಲಿ ಸಿಯಾಟಲ್ ಸೆಂಟ್ರಲ್ ಕಮ್ಯುನಿಟಿ ಕಾಲೇಜಿನ ಅಧ್ಯಯನದಲ್ಲಿ, ಓಡಾಡಿ ಓದುವವರು ಬೆರೆಯುವುದು ತರಗತಿಯಲ್ಲೇ ಎಂದು ತೋರಿಸಿದ್ದು ಇಲ್ಲಿ ಗಮನಾರ್ಹ. ಸೂರು ಬೆರೆಯುವಿಕೆಯ ಏಕೈಕ ಜಾಗವಲ್ಲವೆಂದಾದ ಮೇಲೆ ಡಾರ್ಮಿಗೆ ಕೊಟ್ಟ ಅಗ್ರಪೀಠವೂ ಅಷ್ಟು ಭದ್ರವಲ್ಲ.

ಲಾಸ್ ಏಂಜಲೀಸ್ ಕ್ಯಾಂಪಸ್ಸು 2022ರಿಂದ ವರ್ಗಾವಣೆ ವಿದ್ಯಾರ್ಥಿಗಳಿಗೆ ಎರಡು ವರ್ಷದ ವಾಸದ ಖಾತರಿ ಕೊಟ್ಟಿದೆ. ಎಂದರೆ ಆರೂ ಕ್ವಾರ್ಟರಿನ ಸೂರನ್ನು ಒಟ್ಟಿಗೇ ಯೋಚಿಸುವುದು ಸಾಧ್ಯ. ಆದರೆ ಫಲ ಕೊಡುವುದು ಅಡುಗೆಮನೆಯೋ, ಅಲ್ಲಿ ನಿಂತ ಸಹವಾಸಿಗಳೋ ಎಂಬುದನ್ನು ಈ ಲೇಖನ ಬಿಡಿಸಿಲ್ಲ. ವರ್ಗಾವಣೆಯವರನ್ನೇ ಇರಿಸಿದ ಡಾರ್ಮನ್ನು ಅಂಥದೇ ಅಪಾರ್ಟ್‌ಮೆಂಟಿನ ಪಕ್ಕದಲ್ಲಿಟ್ಟು ನೋಡಿದಾಗಲಷ್ಟೇ ಅದು ಬಗೆಹರಿದೀತು. ಡಿಪ್ಲೊಮಾ ಮುಗಿಸಿ ನೇರ ಮೂರನೆಯ ಸೆಮಿಸ್ಟರಿಗೆ ಬರುವ ನಮ್ಮ ಲ್ಯಾಟರಲ್ ಎಂಟ್ರಿ ಹುಡುಗರ ಹಾಸ್ಟೆಲ್ ಕೋಣೆಗಳಲ್ಲೂ ಇದೇ ಪ್ರಶ್ನೆಯನ್ನು ಕೇಳಬಹುದು.